ಉಭಯ ಪಕ್ಷಗಳ ಭಜ್ಜಿ

ವಿಮಲಾಬಾಯಿ ಕಲಬುರಗಿಯ ಶಹಾಬಜಾರದ ನನ್ನ ಕಚೇರಿಯ ಮೆಟ್ಟಿಲೇರಿ ಬಂದದ್ದು ಕಾರ್ತಿಕದ ಒಂದು ಮಧ್ಯಾಹ್ನ. ಓಣಿಯ ಬಿಸಿಲು ಎದುರುಮನೆಯ ಗೋಡೆಗೆ ತಾಗಿ, ಅಲ್ಲಿ ತನ್ನ ಉರಿಯನ್ನೆಲ್ಲ ಬಿಟ್ಟು, ಬರಿಯ ಬೆಳಕಾಗಿ ನನ್ನ ಮೇಜಿಗೆ ಇಳಿಯುವ ಹೊತ್ತು ಅದು. ಆಕೆ ಕಮಲಾಪುರದ ಪ್ರಾಥಮಿಕ ಶಾಲೆಯ ಶಿಕ್ಷಕಿ. ಓರೆಯಾಗಿದ್ದ ಕುರ್ಚಿಯನ್ನು ನೇರ ಮಾಡಿ ಕುಳಿತ ರೀತಿಯಲ್ಲೇ ಅದು ತಿಳಿಯುತ್ತಿತ್ತು.

"ವಕೀಲ್ರೀ, ನಮ್ಮವ್ವನ್ನ ಊರಿಗಿ ಕರಕೊಂಡು ಹೋಗಬೇಕಾಗ್ಯಾದ. ಆಕಿ ಬರಂಗಿಲ್ಲ ಅಂತಾಳ. ಇದಕ್ಕ ಕಾಯ್ದೆದಾಗ ಏನರೆ ಅದೇನ್ರೀ?"

ತಾಯಿಯ ಹಟದ ವಿರುದ್ಧ ಕಾನೂನಿನ ನೆರವು ಕೇಳಲು ಬಂದ ಮಗಳನ್ನು ನಾನು ಅದುವರೆಗೆ ಕಂಡಿರಲಿಲ್ಲ. ನಕ್ಕುಬಿಟ್ಟೆ. ಆಕೆ ನಗಲಿಲ್ಲ. ನಿಧಾನವಾಗಿ ಸಂಗತಿಯೆಲ್ಲ ಹೊರಬಂತು.

ತಾಯಿ ಭಾಗಮ್ಮ ಬಾಳೆತೋಟದ ಕಾಲುವೆಯ ಬಳಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡಿದ್ದರು. ಮೂಳೆ ಕೂಡುವ ತನಕ ವೈದ್ಯರಿಗೆ ಹತ್ತಿರವಿರಲೆಂದು ಐವಾನ್-ಎ-ಶಾಹಿ ಭಾಗದ ಒಂದು ಖಾಸಗಿ ಆರೈಕೆ ಮನೆಗೆ ಸೇರಿಸಿದ್ದರು. 'ಮುಸ್ಸಂಜೆ' ಎಂದು ಅದರ ಹೆಸರು. ಕಲ್ಯಾಣಪ್ಪ ಎಂಬವರು ಅದರ ಮಾಲೀಕರು. ಮೂಳೆ ಕೂಡಿತು. ಆದರೆ ಮಗ್ಗುಲು ಬದಲಿಸುವವರಿಲ್ಲದೆ ಮಲಗಿದಲ್ಲೇ ಮಲಗಿ ಬೆನ್ನಿನ ಕೆಳಗೆ ಹುಣ್ಣಾಯಿತು. ಕೇಳಿದರೆ, ಮುದುಕಿಯೇ ಮೈ ಮುಟ್ಟಿಸಿಕೊಳ್ಳುವುದಿಲ್ಲ ಎಂದು ಕಲ್ಯಾಣಪ್ಪನವರ ಉತ್ತರ. ಮಗಳು, ಅಳಿಯ ಚಂದ್ರಾಮಪ್ಪ ಇಬ್ಬರೂ ಜೀಪು ತಂದು ಬಾಗಿಲಲ್ಲಿ ನಿಂತರೂ ಭಾಗಮ್ಮ ಮಾತ್ರ ಮಂಚ ಬಿಡಲೊಲ್ಲರು.

"ಹುಣ್ಣು ದಿನಾ ದೊಡ್ಡದಾಗಾಕತ್ತದ ರೀ. ಆಕಿ ಹಟಾ ಅದಕ್ಕಿಂತ ದೊಡ್ಡದು," ಎಂದರು ವಿಮಲಾಬಾಯಿ.

ಆ ಹಟದ ಕಾರಣವನ್ನು ನಾನು ಸ್ವತಃ ಕೇಳಬೇಕಾಗಿತ್ತು. ಭೇಟಿಗೆ ಅಲ್ಲಿ ಭಾನುವಾರದ ಸಂಜೆಯೊಂದೇ ಮೀಸಲು. ಹೋದೆ. ನೆಲ ಫಿನಾಯಿಲಿನ ವಾಸನೆ ಬೀರುತ್ತ ಹೊಳೆಯುತ್ತಿತ್ತು. ಇಸ್ತ್ರಿಯ ಗೆರೆ ಮಾಸದ ಬಿಳಿ ಚಾದರಗಳು, ಪ್ರತಿ ಮಂಚದ ಪಕ್ಕದ ಸ್ಟೂಲಿನ ಮೇಲೆ ಒಂದೊಂದು ಸೇಬು, ನಗುವ ಆಯಾಗಳು. ದೂರು ಬರೆಯಲು ಬಂದವನ ಲೇಖನಿ ಪ್ರಶಂಸಾಪತ್ರ ಬರೆಯಬೇಕಾದಂತಹ ನೋಟ. ಕಿಟಕಿಯ ಪಕ್ಕದ ಮಂಚದಲ್ಲಿ, ಚಾದರದೊಳಗೆ ಇದ್ದಾರೋ ಇಲ್ಲವೋ ಎನಿಸುವಷ್ಟು ಸಣ್ಣ ದೇಹ. ಅದರೊಳಗಿಂದ ಬಂದ ದನಿ ಮಾತ್ರ ತೋಟದ ಈ ತುದಿಯಿಂದ ಆ ತುದಿಗೆ ಆಳುಗಳನ್ನು ಕರೆದು ರೂಢಿಯಾದದ್ದು.

"ನೀವೇನ್ರೀ ದೇವೀಂದ್ರಪ್ಪ ವಕೀಲ್ರು? ಐತವಾರ ಬಂದೀರಲ್ರೀ ಯಪ್ಪಾ! ಐತವಾರ ಇದು ಮದುವಿ ಮನಿ. ಸೋಮವಾರ ಬರ್ರಿ, ಹಾಳ ಗುಡಿ ಆಗಿರ್ತದ."

"ಮತ್ತ ಮಗಳು ಕರದ್ರ ಯಾಕ ಹೋಗವಲ್ರಿ, ಭಾಗಮ್ಮನವರೇ?"

ಅವರು ಗದ್ದದಿಂದಲೇ ಉಳಿದೆರಡು ಮಂಚಗಳನ್ನು ತೋರಿಸಿದರು. "ಅಕಿ ಯಮನಮ್ಮ. ಲಕ್ವಾ ಹೊಡದು ಮಾತು ಬಿದ್ದು ಹೋಗ್ಯಾದ. ಈಕಿ ದಿಲ್ಶಾದ್ ಬೇಗಂ. ಕಣ್ಣು ಕಾಣಂಗಿಲ್ಲ, ದನಿ ಅಂತೂ ಅತ್ತರ ಇದ್ದಂಗ, ಬಾಜೂಕ ಬಂದವರಿಗಷ್ಟೇ ಗೊತ್ತಾಗ್ತದ. ಈ ಖೋಲಿಗಿ ಬಾಯಿ ಅಂದ್ರ ನಾನೇ. ನಾ ಒದರಿದ್ರ ಹತ್ತು ಸಲಕ್ಕ ಒಮ್ಮೆರೆ ನೀರು ಬರ್ತದ. ನಾ ಎದ್ದು ಹೋದ್ರ ಇವರು ಯಾರಿಗಿ ಕೇಳಬೇಕು ಹೇಳ್ರಿ?"

ದಿಲ್ಶಾದ್ ಬೇಗಂ ಮುಖವನ್ನು ದನಿಯ ಕಡೆಗೆ ತಿರುಗಿಸಿ ಪಿಸುಗುಟ್ಟಿದರು. "ಭೋತ್ ಚಿಲ್ಲಾತೀ, ಭಾಳ ಒದರ್ತಾಳ ವಕೀಲಸಾಬ್, ಈ ಭಾಗಮ್ಮ. ಆರಾಮ್ ಸೇ ಸಾಯ್ಲಾಕ ಭೀ ಬಿಡಂಗಿಲ್ಲ."

"ಸಾಯಿ, ಯಾರು ಬ್ಯಾಡಂದಾರ? ನೀರು ಕುಡದು ಸಾಯಿ," ಎಂದರು ಭಾಗಮ್ಮ. ಯಮನಮ್ಮನ ತುಟಿಯ ಒಂದು ಕೊನೆ ಮೇಲೇರಿತು. ಅದು ನಗು ಎಂದು ತಿಳಿಯಲು ನನಗೆ ಒಂದು ಗಳಿಗೆ ಬೇಕಾಯಿತು.

ಹೊರಡುವಾಗ ಭಾಗಮ್ಮ ತಮ್ಮ ಷರತ್ತನ್ನು ಸ್ಪಷ್ಟವಾಗಿ ಹೇಳಿದರು. ಸರಕಾರದ ಕಡೆಯವರು ಯಾರಾದರೂ ಈ ಕೋಣೆಯನ್ನು ಅದು ಇರುವಂತೆ ನೋಡಬೇಕು, ಈ ಇಬ್ಬರಿಗೆ ಕೂಗದೆಯೇ ನೀರು ಸಿಗುವ ವ್ಯವಸ್ಥೆಯಾಗಬೇಕು, ಆಮೇಲೆ ಕಮಲಾಪುರ. ಅಲ್ಲಿಗೆ ತಾಯಿಯನ್ನು ಮನೆಗೆ ಕರೆದೊಯ್ಯಬೇಕೆಂಬ ಮಗಳ ಆಸೆ ನೇರವಾಗಿ ಗ್ರಾಹಕರ ವೇದಿಕೆಯ ಬಾಗಿಲಿಗೆ ಬಂದು ನಿಂತಿತು. ವಿಮಲಾಬಾಯಿ ಸಹಿ ಮಾಡಿದರು. ಯಮನಮ್ಮನ ಮೈದುನ ಮತ್ತು ದಿಲ್ಶಾದ್ ಬೇಗಂ ಅವರ ಅಕ್ಕನ ಮಗ ಕೂಡ ಬಂದು ಸಹಿ ಹಾಕಿದರು.

ದೂರು ದಾಖಲಾಯಿತು. ಸ್ಥಳ ಪರಿಶೀಲನೆಗೆ ಒಬ್ಬ ಕಮಿಷನರನ್ನು ನೇಮಿಸಬೇಕೆಂಬ ನನ್ನ ಅರ್ಜಿಯೂ ಒಪ್ಪಿಗೆಯಾಯಿತು. ಆದರೆ ನನ್ನ ಮನಸ್ಸಿಗೆ ಉತ್ಸಾಹವಿರಲಿಲ್ಲ. ಪರಿಶೀಲನೆಯ ದಿನವನ್ನು ಎರಡೂ ಪಕ್ಷಗಳಿಗೆ ಮುಂಚೆಯೇ ತಿಳಿಸಬೇಕು, ಅದು ನ್ಯಾಯದ ಮೊದಲ ಮರ್ಯಾದೆ. ತಿಳಿಸಿದ ದಿನ ಯಾವುದೇ ಆಗಿರಲಿ, ಕಲ್ಯಾಣಪ್ಪ ಅದನ್ನು ಭಾನುವಾರವನ್ನಾಗಿ ಮಾಡಬಲ್ಲರು. ನೋಡಬೇಕಾದದ್ದನ್ನು ನೋಡಲು ಬಿಡದ ಮರ್ಯಾದೆಯನ್ನು ಏನು ಮಾಡುವುದೆಂದು ನನಗೆ ತಿಳಿಯಲಿಲ್ಲ.

ಹೊಸ ಶತಮಾನ ಬಂತೆಂದು ಊರೆಲ್ಲ ಪಟಾಕಿ ಹಾರಿಸಲು ಸಿದ್ಧವಾಗುತ್ತಿದ್ದ ಡಿಸೆಂಬರ್ ತಿಂಗಳು ಅದು. ವೇದಿಕೆಯ ಅಧ್ಯಕ್ಷರು ಗೋಡೆಯ ಇಂಗ್ಲಿಷ್ ಕ್ಯಾಲೆಂಡರಿನತ್ತ ನೋಡಿ, ಜನವರಿ ಆರು, ಗುರುವಾರ, ಬೆಳಿಗ್ಗೆ ಹನ್ನೊಂದು ಗಂಟೆ ಎಂದರು. ಕಲ್ಯಾಣಪ್ಪನವರ ವಕೀಲ ಅಮೋಘಪ್ಪ, ನನ್ನ ಹಳೆಯ ಗೆಳೆಯ, ಡೈರಿ ತೆರೆದು ಆ ಪುಟ ಖಾಲಿಯಿರುವುದನ್ನು ಕಂಡು ತಲೆಯಾಡಿಸಿದ. ನನ್ನ ಪುಟವೂ ಖಾಲಿಯಿತ್ತು, ನಾನೂ ತಲೆಯಾಡಿಸಿದೆ. ಕಮಿಷನರಾಗಿ ನೇಮಕಗೊಂಡ ತರುಣ ವಕೀಲ ಮೈಬೂಬ ಕೂಡ ತಾರೀಖನ್ನು ಬರೆದುಕೊಂಡ.

ಹೊರಗೆ ಮೆಟ್ಟಿಲ ಮೇಲೆ ವಿಮಲಾಬಾಯಿ ನನ್ನನ್ನು ತಡೆದು ನಿಲ್ಲಿಸಿದರು.

"ವಕೀಲ್ರೀ, ನೀವು ಕಲಬುರಗಿಯವರು ಹೌದಿಲ್ಲೋ? ಅವತ್ತು ಎಳ್ಳಮಾಸಿ!"

ಒಳಗಿದ್ದ ನಾವೆಲ್ಲರೂ ಎಳ್ಳಮವಾಸ್ಯೆಯ ಭಜ್ಜಿ ಉಂಡೇ ಬೆಳೆದವರು; ಒಬ್ಬರಿಗೂ ಅದು ನೆನಪಾಗಿರಲಿಲ್ಲ. ಅಂದು ನಗರ ತನ್ನನ್ನು ತಾನೇ ಬರಿದು ಮಾಡಿಕೊಳ್ಳುತ್ತದೆ. ಹೊಲವಿದ್ದವರು ತಮ್ಮ ಹೊಲಕ್ಕೆ, ಇಲ್ಲದವರು ಗೆಳೆಯರ ಹೊಲಕ್ಕೆ. ಬುಟ್ಟಿಗಳಲ್ಲಿ ಸಜ್ಜೆರೊಟ್ಟಿ, ಕಡಬು, ಎಲ್ಲ ಕಾಳು ಎಲ್ಲ ಸೊಪ್ಪು ಕೂಡಿಸಿ ಕುದಿಸಿದ ಭಜ್ಜಿ. ನಿಂತ ಬೆಳೆಗೆ ಅದರ ಪಾಲನ್ನು ಚೆಲ್ಲಿ ಚರಗ ಮಾಡಿ, ಆಮೇಲೆ ಬದುವಿನಲ್ಲಿ ಸಾಲಾಗಿ ಕುಳಿತು ಊಟ. ಎದೆಯೆತ್ತರದ ಜೋಳದ ನಡುವೆ ಅಂದು ಸಾಹುಕಾರನೂ ಆಳೂ ಒಂದೇ ಹಸಿರಿನ ಒಳಗೆ ಮರೆಯಾಗುತ್ತಾರೆ. ಆ ದಿನ ಪಟ್ಟಣದಲ್ಲಿ ಉಳಿಯುವವರು ಎದ್ದು ಹೋಗಲಾರದವರು ಮಾತ್ರ.

ಅದು ಹೊಳೆದಾಗ ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ವಿಮಲಾಬಾಯಿ ಮೊದಲ ಬಾರಿಗೆ ನಕ್ಕರು.

ಸಂಜೆ ಅಮೋಘಪ್ಪ ನನ್ನ ಕಚೇರಿಗೆ ಬಂದ. ಟೋಪಿ ತೆಗೆದು ಮೇಜಿನ ಮೇಲಿಟ್ಟ. ಅದು ಅವನು ಸೋತಾಗ ಮಾಡುವ ಕೆಲಸ.

"ದೇವೀಂದ್ರಪ್ಪ, ತಾರೀಖು ಬದಲಿ ಮಾಡಸೋಣೇನು?"

"ಮಾಡಸು. ಅರ್ಜಿ ಹಾಕು, ನಾ ತಕರಾರು ಮಾಡಂಗಿಲ್ಲ."

"ಕಾರಣಾ ಏನಂತ ಬರೀಲೋ? ಆಯಾಗೋಳು ಎಲ್ಲಾರೂ ಹೊಲಕ್ಕ ಹೋಗ್ತಾರ, ಮುದುಕ್ಯಾರ ಬಲ್ಲಿ ಯಾರೂ ಇರಂಗಿಲ್ಲ ಅಂತ ಬರೀಲೇನು?"

"ಬರಿ. ಅದರ ಕೆಳಗ ನಾನೂ ಸಹಿ ಮಾಡ್ತೀನಿ. ನನ್ನ ಕೇಸು ನೀನೇ ಗೆದ್ದು ಕೊಟ್ಟಂಗ ಆಗ್ತದ."

ಅವನು ನನ್ನನ್ನು ದುರುಗುಟ್ಟಿ ನೋಡಿದ. ಆಮೇಲೆ ಅವನ ಹೊಟ್ಟೆ ಕುಲುಕಲು ಶುರುವಾಯಿತು. ನಾವಿಬ್ಬರೂ ಕಾಲೇಜಿನ ದಿನಗಳಂತೆ ಕಣ್ಣಲ್ಲಿ ನೀರು ಬರುವ ತನಕ ನಕ್ಕೆವು. ಹೋಗುವಾಗ ಅವನು ಬಾಗಿಲಲ್ಲಿ ನಿಂತು ಹೇಳಿದ. "ಕಲ್ಯಾಣಪ್ಪ ಹೇಳ್ಯಾನ, ಆಯಾಗೋಳಿಗಿ ಹೊಸ ಸೀರಿ ಕೊಟ್ಟು ನಿಲ್ಲಸ್ತೀನಿ ಅಂತ. ನೋಡು ಮತ್ತ, ನಿನ್ನ ನಗು ಎಲ್ಲಿಗಿ ಬರ್ತದ."

ಎಳ್ಳಮವಾಸ್ಯೆಯ ಬೆಳಿಗ್ಗೆ ಐವಾನ್-ಎ-ಶಾಹಿಯ ರಸ್ತೆಗಳಲ್ಲಿ ನನ್ನ ಚಪ್ಪಲಿಯ ಸದ್ದು ನನಗೇ ಕೇಳುತ್ತಿತ್ತು. ಮೈಬೂಬ ಕರಿ ಕೋಟು ತೊಟ್ಟು ಸ್ಕೂಟರಿನ ಮೇಲೆ ಬಂದ; ಮುಖವೂ ಕೋಟಿನ ಬಣ್ಣಕ್ಕೆ ತಿರುಗಿತ್ತು. ಶರಣಸಿರಸಗಿಯ ಗೆಳೆಯನ ಹೊಲದಲ್ಲಿ ಅವನಿಗಾಗಿ ಊಟ ಕಾದಿತ್ತಂತೆ. ಅಮೋಘಪ್ಪ ಗಡಿಯಾರ ನೋಡುತ್ತ ನಿಂತಿದ್ದ. ಅಷ್ಟರಲ್ಲಿ ಕಮಲಾಪುರದಿಂದ ಚಂದ್ರಾಮಪ್ಪನ ಜೀಪು ಬಂತು; ಚರಗದ ಬುಟ್ಟಿಯನ್ನು ಸೊಂಟದ ಮೇಲಿಟ್ಟುಕೊಂಡು ವಿಮಲಾಬಾಯಿ ಇಳಿದರು.

ಮುಸ್ಸಂಜೆಯ ಗೇಟಿಗೆ ಹೊರಗಿನಿಂದ ಬೀಗ.

ಮೈಬೂಬ ಬೀಗವನ್ನು ಎಳೆದು ನೋಡಿದ. ಆ ಸದ್ದಿಗೆ ಒಳಗಿನಿಂದ ಭಾಗಮ್ಮನ ದನಿ ಬಂತು.

"ಯಾರದು? ಬಂದೀರೇನು? ಬರ್ರಿ ಬರ್ರಿ, ಕೂಡ್ರಿ. ಬಾಗಿಲಾ ಅಷ್ಟು ತಕ್ಕೊಂಡು ಬರ್ರಿ."

"ಅಮ್ಮಾ, ನಾನು ಕಮಿಷನರ್," ಎಂದು ಮೈಬೂಬ ಕೂಗಿ ಹೇಳಿದ. "ಒಳಗ ಯಾರ ಅದಾರ್ರೀ ನಿಮ್ಮ ಸೇವಾಕ್ಕ?"

"ಯಾರೂ ಇಲ್ಲೋ ನನ್ನಪ್ಪಾ! ಮುಂಜಾನಿಂದ ಒದರಾಕತ್ತೀನಿ. ಗ್ವಾಡಿ ಸೈತ ಹೊಲಕ್ಕ ಹೋದಂಗ ಆಗ್ಯಾದ."

ಅಮೋಘಪ್ಪ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಎದುರುಮನೆಯ ಹಿತ್ತಲಿನಿಂದ ಕಾವಲುಗಾರ ಭೀಮಶಾ ಅರ್ಧ ಕಡಬನ್ನು ಕೈಯಲ್ಲಿ ಹಿಡಿದು ಓಡಿಬಂದ. ಅವನು ಹೇಳಿದಂತೆ, ಆಯಾಗಳು ಹೊಸ ಸೀರೆ ಉಟ್ಟುಕೊಂಡೇ, ಹೊಸ ಸೀರೆಯನ್ನು ಹೊಲದಲ್ಲಲ್ಲದೆ ಇಲ್ಲಿ ಯಾರು ನೋಡಬೇಕೆಂದು, ಬೆಳಗಾಗುವಷ್ಟರಲ್ಲಿ ಹೊರಟುಹೋಗಿದ್ದರು. ಕಲ್ಯಾಣಪ್ಪನವರು ಮನೆಗೆ ಹಿರಿಯ ಮಗ, ಚರಗ ಅವರೇ ಚೆಲ್ಲಬೇಕು. ಬೇಗ ಮುಗಿಸಿ ಬಂದುಬಿಡುತ್ತೇನೆಂದು ಹೇಳಿ ಹೋಗಿದ್ದರು. ಭೀಮಶಾ ಮುದುಕಿಯರ ಭದ್ರತೆಗೆ ಬೀಗ ಹಾಕಿ, ಕರೆದ ಮನೆಗೆ ಊಟಕ್ಕೆ ಹೋಗಿದ್ದ. ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಪ್ರತಿಯೊಬ್ಬರೂ ಇನ್ನೊಬ್ಬರು ನೋಡಿಕೊಳ್ಳುತ್ತಾರೆಂದು ನಂಬಿಕೊಂಡು ಹೋಗಿದ್ದರು.

ಭೀಮಶಾ ಬೀಗ ತೆಗೆದ. ಒಳಗೆ ಚಾದರಗಳು ಹೊಸವು. ಕೆಳಗಿನ ಹಾಸಿಗೆ ಒದ್ದೆ. ಸೇಬುಗಳು ಹೊಳೆಯುತ್ತಿದ್ದವು, ಯಾವ ಕೈಯೂ ತಲುಪದ ದೂರದಲ್ಲಿ. ನೀರಿನ ಕೊಡ ಪಡಸಾಲೆಯ ಮೂಲೆಯಲ್ಲಿತ್ತು. ಮೈಬೂಬ ಬರೆಯಲು ಲೇಖನಿ ತೆರೆದವನು ಯಮನಮ್ಮನ ಒಣಗಿ ಬಿರಿದ ತುಟಿಗಳನ್ನು ಕಂಡು ಅದನ್ನು ಹಾಗೆಯೇ ಮುಚ್ಚಿದ. ಲೋಟದಲ್ಲಿ ನೀರು ತಂದು, ಕುತ್ತಿಗೆಯ ಕೆಳಗೆ ಕೈ ಕೊಟ್ಟು, ಗುಟುಕು ಗುಟುಕಾಗಿ ಕುಡಿಸಿದ. ಆಮೇಲೆ ದಿಲ್ಶಾದ್ ಬೇಗಂ, ಕೊನೆಗೆ ಭಾಗಮ್ಮ. ಲೇಖನಿ ಮತ್ತೆ ತೆರೆದಾಗ ಅವನ ಅಕ್ಷರಗಳು ನೇರವಾಗಿ, ಒತ್ತಿ ಬಿದ್ದಂತೆ ಇದ್ದವು. ಅಮೋಘಪ್ಪ ಪ್ರತಿ ಸಾಲಿಗೂ "ಹೌದು, ನಾನೂ ನೋಡಿದೆ" ಎಂದ. ನನಗೆ ಅವನ ಬಗ್ಗೆ ಹೆಮ್ಮೆಯಾಯಿತು.

ಬರವಣಿಗೆ ಮುಗಿದ ಮೇಲೆ, ಎಲ್ಲರೂ ಸೇರಿ ಹಾಸಿಗೆ ಬದಲಿಸಿದ ಮೇಲೆ, ವಿಮಲಾಬಾಯಿ ಬುಟ್ಟಿ ಬಿಚ್ಚಿದರು. ಹುರಿದ ಎಳ್ಳಿನ, ಹಸಿ ಮೆಂತೆಯ, ಬೆಳ್ಳುಳ್ಳಿಯ ವಾಸನೆ ಫಿನಾಯಿಲನ್ನು ಕಿಟಕಿಯಿಂದ ಹೊರಗೆ ಅಟ್ಟಿತು.

"ಸಾಹೇಬ್ರಿಗಿ ಮೊದಲ ನೀಡು," ಎಂದರು ಭಾಗಮ್ಮ.

ಮೈಬೂಬ ಹಿಂದಕ್ಕೆ ಸರಿದ. "ಬ್ಯಾಡ ಅಮ್ಮಾ. ನಾನು ವೇದಿಕೆಯ ಕಮಿಷನರ್ ಇದ್ದೀನಿ. ಒಂದು ಪಕ್ಷದವರ ಊಟ ಮಾಡಂಗಿಲ್ಲ."

"ಹಂಗಂದ್ರ ಹಸಕೊಂಡು ಸಾಯೋ ಕಾಯ್ದೇನೇನು ಅದು?"

"ಕಾಯ್ದೆ ಅಂದ್ರ ಕಾಯ್ದೆ ಅಮ್ಮಾ."

"ಹೊಟ್ಟಿ ನೋಡು, ಗುರ್ ಅಂತ ತಕರಾರು ಅರ್ಜಿ ಹಾಕಾಕತ್ತದ," ಎಂದರು ಭಾಗಮ್ಮ. ದಿಲ್ಶಾದ್ ಬೇಗಂ ಅವರಿಗೂ ಅದು ಕೇಳಿಸಿತ್ತು. ಅವರ ಭುಜಗಳು ನಗುವಿನಿಂದ ಅಲುಗಿದವು.

ಆ ಹೊತ್ತಿಗೆ ಕಲ್ಯಾಣಪ್ಪ ಬಂದರು. ಧೋತರದ ಅಂಚಿನಲ್ಲಿ ಕರಿಮಣ್ಣು, ಕೈಯಲ್ಲಿ ತಮ್ಮ ಮನೆಯ ಬುಟ್ಟಿ. ಕಮಿಷನರರಿಗೆಂದು ತಂದದ್ದು ಎಂದು ಹೇಳಬೇಕಾಗಿರಲಿಲ್ಲ. ತೆರೆದ ಬಾಗಿಲು, ಬಿಸಿಲಿಗೆ ಹಾಕಿದ್ದ ಒದ್ದೆ ಹಾಸಿಗೆ, ನಮ್ಮ ಮುಖಗಳು, ಎಲ್ಲವನ್ನೂ ಒಂದೊಂದಾಗಿ ನೋಡಿ ಹೊಸ್ತಿಲಲ್ಲೇ ನಿಂತುಬಿಟ್ಟರು. ಅವರ ಬುಟ್ಟಿಯನ್ನೂ ಮೈಬೂಬ ಅದೇ ಕಾಯ್ದೆಯಿಂದ ನಿರಾಕರಿಸಿದ. ಎರಡು ಬುಟ್ಟಿಗಳ ನಡುವೆ ಹಸಿದ ನ್ಯಾಯ ನೀಟಾಗಿ ಕೋಟು ತೊಟ್ಟು ನಿಂತಿತ್ತು.

ಭಾಗಮ್ಮನೇ ದಾರಿ ತೋರಿಸಿದರು. "ವಿಮಲಾ, ದೊಡ್ಡ ಪಾತೇಲಿ ತಗೊಂಡು ಬಾ. ಇವರ ಭಜ್ಜಿ ನಮ್ಮ ಭಜ್ಜಿ ಎರಡೂ ಅದರಾಗ ಹಾಕಿ ಕಲಸು. ಈಗ ಇದು ಯಾವ ಪಕ್ಷದ್ದೋ ತಮ್ಮಾ?"

ಮೈಬೂಬ ನನ್ನ ಕಡೆ ನೋಡಿದ. ನಾನು ಅಮೋಘಪ್ಪನ ಕಡೆ ನೋಡಿದೆ. ಅಮೋಘಪ್ಪ ಗಂಟಲು ಸರಿಮಾಡಿಕೊಂಡು, ನ್ಯಾಯಾಲಯದ ದನಿಯಲ್ಲಿ, "ಉಭಯ ಪಕ್ಷಗಳ ಒಪ್ಪಿಗೆಯ ಮೇರೆಗೆ," ಎಂದ. "ಒಪ್ಪಿದೆ," ಎಂದೆ. ಮೈಬೂಬ ಕೋಟು ಕಳಚಿ ಕಿಟಕಿಗೆ ತೂಗುಹಾಕಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿದ.

ಉಣ್ಣುವ ಮೊದಲು ಚರಗವಾಗಬೇಕಿತ್ತು. "ಹೊಲಾ ಎಲ್ಲದ ಅತ್ತಿ?" ಎಂದ ಚಂದ್ರಾಮಪ್ಪ. "ನಾವು ಮೂವರು ಬಿದ್ದ ಜಾಗಾ ಈ ವರ್ಷ ನಮ್ಮ ಹೊಲಾ. ಹೋಗು, ಸುತ್ತ ಚೆಲ್ಲಿ ಬಾ," ಎಂದರು ಅತ್ತೆ. ಅವನು ಬುಟ್ಟಿ ಹಿಡಿದು ಆ ಕಟ್ಟಡದ ಸುತ್ತ, ಸಿಮೆಂಟು ಅಂಗಳದ ಮೇಲೆ, ತುಳಸಿಯ ಕುಂಡಕ್ಕೆ, ಕಾಂಪೌಂಡಿನ ಬೇಲಿಗೆ ಭಜ್ಜಿ ಚೆಲ್ಲುತ್ತ, ಹೊಲದಲ್ಲಿ ಚರಗ ಚೆಲ್ಲುವಾಗ ಕೂಗುವಂತೆಯೇ ಕೂಗಿದ. ಒಳಗಿನಿಂದ ಭಾಗಮ್ಮ ಪ್ರತಿ ಕೂಗಿಗೂ ಓಗೊಟ್ಟರು. ಗುಬ್ಬಿಗಳು ಎಲ್ಲಿಂದಲೋ ಬಂದು ಇಳಿದವು. ಮಲಗಿದ್ದ ಆ ಮನೆ ಒಮ್ಮೆ ಮಗ್ಗುಲು ಬದಲಿಸಿದಂತೆ ನನಗೆ ತೋರಿತು.

ಕಲ್ಯಾಣಪ್ಪ ಮಾತ್ರ ಇನ್ನೂ ಹೊಸ್ತಿಲಲ್ಲೇ ಇದ್ದರು.

"ಸಾಹುಕಾರ್ರೇ," ಭಾಗಮ್ಮ ಕರೆದರು, "ಮಾರಿ ಸಣ್ಣದು ಮಾಡಬ್ಯಾಡ್ರಿ. ಬರ್ರಿ. ಯಮನಮ್ಮಗ ಎರಡು ತುತ್ತು ನೀವೇ ಉಣಸ್ರಿ."

ಆ ಮನುಷ್ಯ ಆ ಮನೆ ಕಟ್ಟಿಸಿದ್ದರು, ಮಂಚ ತರಿಸಿದ್ದರು, ಹೆಸರು ಇಟ್ಟಿದ್ದರು; ಅಲ್ಲಿ ಯಾರಿಗೂ ಒಂದು ಚಮಚ ಉಣಿಸಿರಲಿಲ್ಲ. ನುಣ್ಣಗೆ ಕಿವುಚಿದ ಭಜ್ಜಿಯನ್ನು ಚಮಚದಲ್ಲಿ ಹಿಡಿದು ಕುಳಿತರು. ಯಮನಮ್ಮನ ಬಾಯಿ ನಿಧಾನವಾಗಿ ತೆರೆಯಿತು. ಒಂದಿಷ್ಟು ಒಳಗೆ ಹೋಯಿತು, ಒಂದಿಷ್ಟು ಗದ್ದಕ್ಕೆ ಇಳಿಯಿತು. ಅವರು ಒರೆಸಿದರು, ಕಾದರು, ಮತ್ತೆ ಹಿಡಿದರು. ನಮ್ಮ ರೊಟ್ಟಿಗಳು ಮುಗಿದರೂ ಅವರ ಬಟ್ಟಲು ಮುಗಿದಿರಲಿಲ್ಲ.

"ಇಷ್ಟು ಹೊತ್ತು ಹಿಡೀತದೇನ್ರೀ ಒಬ್ಬರಿಗಿ ಉಣಸಲಾಕ?" ಎಂದರು, ಯಾರನ್ನೂ ನೋಡದೆ.

"ಕೂಸಿದ್ದಾಗ ನಿಮಗೂ ಇಷ್ಟೇ ಹೊತ್ತು ಹಿಡದಿತ್ತು," ಎಂದರು ಭಾಗಮ್ಮ. "ನಿಮ್ಮವ್ವಗ ಕೇಳ್ರಿ."

ಕಲ್ಯಾಣಪ್ಪ ಮತ್ತೊಂದು ಚಮಚ ತುಂಬಿದರು. ಬಟ್ಟಲು ಮುಗಿಯುವ ತನಕ ಎದ್ದೇಳಲಿಲ್ಲ.

ವೇದಿಕೆಯಲ್ಲಿ ವಾದವೇ ನಡೆಯಲಿಲ್ಲ. ಮೈಬೂಬನ ವರದಿಗೆ ಅಮೋಘಪ್ಪ ಆಕ್ಷೇಪ ಎತ್ತಲಿಲ್ಲ. ಕಲ್ಯಾಣಪ್ಪ ತಾವೇ ಎದ್ದು ನಿಂತು ತಪ್ಪಾಗಿದೆ ಎಂದರು. ರಾಜಿಯ ಷರತ್ತುಗಳು ಆದೇಶದಲ್ಲಿ ಸೇರಿದವು: ಹಗಲೂ ರಾತ್ರಿ, ಹಬ್ಬವೋ ಹುಣ್ಣಿಮೆಯೋ, ಪ್ರತಿ ಕೋಣೆಗೆ ಒಬ್ಬ ಆಯಾ ಇರಬೇಕು, ಹುಣ್ಣಿನ ಚಿಕಿತ್ಸೆಯ ಹೊಣೆ ಆರೈಕೆ ಮನೆಯದು, ಮನೆಯವರು ಯಾವ ದಿನ, ಯಾವ ಹೊತ್ತಿಗೆ ಬೇಕಾದರೂ, ಹೇಳದೆ ಕೇಳದೆ ಬಂದು ನೋಡಬಹುದು. ಕೊನೆಯ ಷರತ್ತನ್ನು ನಾನು ನನ್ನ ಕೈಯಿಂದಲೇ ಬರೆದಿದ್ದೆ. ಎಷ್ಟೋ ವರ್ಷ ಎಷ್ಟೋ ಕಾಗದ ಬರೆದ ಕೈ ಅದು. ಅಂದು ಒಂದು ಬಾಗಿಲನ್ನು ಬರೆದಂತಾಯಿತು.

ಶಿವರಾತ್ರಿಗೆ ಮುಂಚೆ ಒಂದು ಬುಧವಾರ, ಯಾರಿಗೂ ಹೇಳದೆ, ನಾವು ಜೀಪು ತೆಗೆದುಕೊಂಡು ಹೋದೆವು. ಭಾಗಮ್ಮನ ಹುಣ್ಣು ಮಾಗಿತ್ತು, ಹೊಸ ಚರ್ಮ ಕೂಡಿತ್ತು. ಬಟ್ಟೆಬರೆಯ ಗಂಟು ಕಟ್ಟಿಟ್ಟಿತ್ತು. ವಿಮಲಾಬಾಯಿ ಒಂದು ಕಡೆ, ಚಂದ್ರಾಮಪ್ಪ ಇನ್ನೊಂದು ಕಡೆ ಎತ್ತಲು ಬಾಗಿದರು.

"ತಡಿ," ಎಂದರು ಭಾಗಮ್ಮ.

ತುಟಿಯ ಮೇಲೆ ತುಟಿ ಒತ್ತಿ ಸುಮ್ಮನೆ ಮಲಗಿಬಿಟ್ಟರು. ಆ ಕೋಣೆಯಲ್ಲಿ ಅಂತಹ ಮೌನವನ್ನು ಯಾರೂ ಕೇಳಿರಲಿಲ್ಲ. ವಿಮಲಾಬಾಯಿ ಏನೋ ಹೇಳಲು ಹೊರಟರು. ತಾಯಿ ಕಣ್ಣಿನಿಂದಲೇ ತಡೆದರು. ದಿಲ್ಶಾದ್ ಬೇಗಂ ತಲೆ ಎತ್ತಿ, ಪಕ್ಕದ ಮಂಚದಲ್ಲಿ ಏನಾಯಿತೆಂದು ಕಿವಿಗೊಟ್ಟರು. ಯಮನಮ್ಮನ ನಾಲಗೆ ತುಟಿಯ ಅಂಚಿಗೆ ಬಂದು ಹೋಯಿತು.

ಹೊರಗೆ ಹೆಜ್ಜೆಯ ಸದ್ದಾಯಿತು. ಆಯಾ ಒಳಗೆ ಬಂದಳು. ನಮ್ಮನ್ನು ಕಂಡು ತಲೆಯಾಡಿಸಿ, ನೇರವಾಗಿ ಯಮನಮ್ಮನ ಬಳಿ ಹೋದಳು; ಕುತ್ತಿಗೆಯ ಕೆಳಗೆ ಕೈ ಕೊಟ್ಟು ನೀರು ಕುಡಿಸಿ, ಮೆಲ್ಲಗೆ ಕಿಟಕಿಯ ಮಗ್ಗುಲಿಗೆ ಹೊರಳಿಸಿ, ಬೆನ್ನಿಗೆ ದಿಂಬು ಕೊಟ್ಟಳು. ಆಮೇಲೆ ದಿಲ್ಶಾದ್ ಬೇಗಂ ಅವರ ಕೈಗೆ ಲೋಟ ಮುಟ್ಟಿಸಿದಳು.

"ನಾ ಒದರಿಲ್ಲ," ಎಂದರು ಭಾಗಮ್ಮ, ಬೆರಗಾಗಿ.

"ಯಾ ಅಲ್ಲಾ, ಹೌದಲ್ಲ!" ದಿಲ್ಶಾದ್ ಬೇಗಂ ಕೈ ಚಾಚಿ ಗಾಳಿಯಲ್ಲಿ ಗೆಳತಿಯ ಕೈಗಾಗಿ ತಡಕಾಡಿದರು. "ಹೋಗು ಭಾಗಮ್ಮಾ. ಆದ್ರ ಬರ್ತಾ ಇರು. ಹೇಳದೇ ಬಾ."

"ಬರ್ತೀನಿ. ನಿನ್ನ ಕಿವ್ಯಾಗ ಬಂದು ಒದರ್ತೀನಿ," ಎಂದ ಭಾಗಮ್ಮ ಆ ಕೈಯನ್ನು ಹಿಡಿದು ತಮ್ಮ ಕೆನ್ನೆಗೆ ಒತ್ತಿಕೊಂಡರು. ಆಮೇಲೆ ಮಗಳ ಕಡೆ ತಿರುಗಿದರು. "ಏನ್ ನೋಡ್ತಿ ನಿಂತು? ಎತ್ರಿ ನನ್ನ."

ಕಮಲಾಪುರದ ದಾರಿಯುದ್ದಕ್ಕೂ ಅವರು ಅಳಿಯನ ಚಾಲನೆಯನ್ನು ಬೈದರು, ರಸ್ತೆಯ ತಗ್ಗುಗಳನ್ನು ಬೈದರು, ಹೊಲದವರು ಕಡಲೆ ಕೀಳಲು ತಡಮಾಡಿದ್ದನ್ನು ಬೈದರು. ಊರು ಹತ್ತಿರವಾದಂತೆ ಬೈಗುಳ ತೆಳುವಾಗುತ್ತ ಬಂತು. ತಮ್ಮ ತೋಟದ ಮೊದಲ ಬಾಳೆಗಿಡ, ಕೆಂಪು ಗೊನೆಯ ಭಾರಕ್ಕೆ ಬಾಗಿದ್ದದ್ದು, ಕಾಣಿಸಿದಾಗ ಅವರು ಮಗಳ ಹೆಗಲಿಗೆ ತಲೆಯಾನಿಸಿದರು. ವಿಮಲಾಬಾಯಿ ಅಳುತ್ತಿದ್ದರು, ನಗುತ್ತಿದ್ದರು. ತಾಯಿಯ ಕಾಲು ಅಲುಗದಂತೆ ಎರಡೂ ಕೈಗಳಿಂದ ಗಟ್ಟಿಯಾಗಿ ಹಿಡಿದಿದ್ದರು.